127 ಕೆಜಿ ತೂಗುವ ಆಟಗಾರ ‘ಚಿಕ್ಕವನು’ ಹೇಗಾಗುತ್ತಾನೆ? ಮೊದಲ ವರ್ಷ ಅವನಿಂದ ಎಷ್ಟು ಬಯಸಬಹುದು?

ಓದುಗರ ಪ್ರಶ್ನೆ: ನಾವು ಹಾಸನದ ಕಡೆಯವರು, ಈಗ ಫ್ಲಾರಿಡಾದ ಟ್ಯಾಂಪಾದಲ್ಲಿದ್ದೇವೆ. ಇಲ್ಲಿಗೆ ಬಂದ ಮೇಲೆ ಮಗನ ಜೊತೆ ಕೂತು ಅಮೆರಿಕನ್ ಫುಟ್‌ಬಾಲ್ ನೋಡೋದು ಅಭ್ಯಾಸವಾಯಿತು. 2023ರಲ್ಲಿ ನಮ್ಮ ಬಕನೀರ್ಸ್ ತಂಡ, ಕಾಲೇಜು ಆಟಗಾರರನ್ನು ತಂಡಗಳು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಕಲೈಜಾ ಕ್ಯಾನ್ಸಿಯನ್ನು ಆರಿಸಿಕೊಂಡಾಗ ಆಫೀಸಿನಲ್ಲಿ ಎಲ್ಲರೂ ‘ತುಂಬಾ ಚಿಕ್ಕವನು’ ಅಂದರು. ಆಮೇಲೂ ಪ್ರತಿ ಏಪ್ರಿಲ್‌ನಲ್ಲಿ ಯಾರೋ ಒಬ್ಬ ಹೊಸ ಡಿಫೆಂಡರ್ ಬಗ್ಗೆ ಇದೇ ಮಾತು ಕೇಳುತ್ತೇನೆ. 127 ಕೆಜಿ ಇರುವವನು ಚಿಕ್ಕವನು ಹೇಗೆ? ಈ ಚಿಂತೆಯಲ್ಲಿ ಹುರುಳಿದೆಯಾ? ಇಷ್ಟು ಮೇಲೆ ಆಯ್ಕೆಯಾದ ಹುಡುಗನಿಂದ ಮೊದಲ ವರ್ಷ ಏನು ನಿರೀಕ್ಷಿಸಬೇಕು? ಇನ್ನೊಂದು ಮಾತು: ನನ್ನ ಮಗ ಹೈಸ್ಕೂಲಿನಲ್ಲಿ ಡಿಫೆನ್ಸಿವ್ ಲೈನ್‌ನಲ್ಲಿ, ಅಂದರೆ ಎದುರಾಳಿಯನ್ನು ತಡೆಯುವ ಮುಂಚೂಣಿ ಸಾಲಿನಲ್ಲಿ ಆಡುತ್ತಾನೆ. ಅವನಿಗೂ ‘ತೂಕ ಏರಿಸು’ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಚಿಂತೆಯಲ್ಲಿ ಹುರುಳಿದೆ. ಆದರೆ ಅದನ್ನು ಬರೀ ತೂಕದ ಅಂಕಿ ಹಿಡಿದು ಅಳೆಯಲು ಹೊರಟರೆ ಪ್ರತಿ ಸಲವೂ ದಾರಿ ತಪ್ಪುತ್ತದೆ. ಆ ಹುಡುಗನನ್ನು ತಂಡ ಮೈದಾನದಲ್ಲಿ ಎಲ್ಲಿ ನಿಲ್ಲಿಸುತ್ತದೆ, ಅವನಿಗೆ ಯಾವ ಕೆಲಸ ಕೊಡುತ್ತದೆ ಅನ್ನುವುದು ಮೊದಲು ಗೊತ್ತಾಗಬೇಕು. ಅಲ್ಲಿಯ ತನಕ ‘ಚಿಕ್ಕವನು’ ಅನ್ನುವ ಮಾತಿಗೆ ಅರ್ಥವಿಲ್ಲ. ಹೈಸ್ಕೂಲು ಹುಡುಗರಿಗೆ ಡಿಫೆನ್ಸಿವ್ ಲೈನ್ ಹೇಳಿಕೊಡುತ್ತಾ ಬಂದವನು ನಾನು. ಈ ಪ್ರಶ್ನೆ ನನಗೆ ತುಂಬಾ ಹತ್ತಿರದ್ದು. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು 127 ಕೆಜಿ ವಿಷಯ. ಕ್ಯಾನ್ಸಿ 6 ಅಡಿ 1 ಇಂಚು ಎತ್ತರ, ಡ್ರಾಫ್ಟ್‌ಗೆ ಮುಂಚಿನ ಅಳತೆಯಲ್ಲಿ 281 ಪೌಂಡ್ ತೂಕ. ನಮ್ಮ ಬೀದಿಯಲ್ಲಿ ಅಂಥವನು ನಡೆದು ಹೋದರೆ ತಿರುಗಿ ನೋಡುತ್ತೇವೆ. ಆದರೆ ಅವನು ಆಡುವುದು ಡಿಫೆನ್ಸಿವ್ ಲೈನ್‌ನ ಒಳಭಾಗದಲ್ಲಿ. ಅಲ್ಲಿ ಅವನ ಎದುರಿಗೆ ನಿಲ್ಲುವ, ಚೆಂಡು ಇರುವ ತಂಡದ ಗಾರ್ಡ್ ಸಾಮಾನ್ಯವಾಗಿ 310ರಿಂದ 320 ಪೌಂಡ್, ಅಂದರೆ 140 ಕೆಜಿಗೂ ಮೇಲೆ. ಅವನ ಪಕ್ಕದಲ್ಲಿ ಸೆಂಟರ್ ಇರುತ್ತಾನೆ, ಅವನೂ ಹೆಚ್ಚುಕಡಿಮೆ ಅಷ್ಟೇ ದಪ್ಪ. ಇಬ್ಬರೂ ಸೇರಿ ಒಬ್ಬನ ಮೇಲೆ ಬಿದ್ದರೆ ಅದಕ್ಕೆ ಡಬಲ್ ಟೀಮ್ ಅನ್ನುತ್ತಾರೆ. ಲೆಕ್ಕ ಹಾಕಿ ನೋಡಿ, 127 ಕೆಜಿಯವನ ಎದುರು 280 ಕೆಜಿ.

ಈ ಡಬಲ್ ಟೀಮ್ ಅನ್ನು ಟಿವಿಯಲ್ಲಿ ಯಾರೂ ಸರಿಯಾಗಿ ನೋಡುವುದಿಲ್ಲ, ಕಣ್ಣು ಚೆಂಡಿನ ಹಿಂದೆ ಓಡುತ್ತದೆ. ಮೈದಾನದ ಅಂಚಿನಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ಚೆಂಡು ಸ್ನ್ಯಾಪ್ ಆದ ತಕ್ಷಣ, ಅಂದರೆ ಸೆಂಟರ್ ಅದನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡಿದ ಕೂಡಲೇ, ಗಾರ್ಡ್‌ನ ಎರಡೂ ಕೈ ಡಿಫೆಂಡರ್‌ನ ಎದೆಗೆ ಬಡಿಯುತ್ತವೆ. ಅವನು ಆ ಕೈಗಳನ್ನು ಕಿತ್ತೆಸೆಯುವಷ್ಟರಲ್ಲಿ ಪಕ್ಕದಿಂದ ಸೆಂಟರ್‌ನ ಸೊಂಟ ಬಂದು ಅವನ ಪಕ್ಕೆಗೆ ಒತ್ತುತ್ತದೆ. ಇಬ್ಬರ ಸೊಂಟಗಳ ನಡುವೆ ಜಾಗವೇ ಇಲ್ಲದ ಹಾಗೆ ಮುಚ್ಚಿಕೊಳ್ಳುತ್ತವೆ. ಆಮೇಲೆ ಅವರಿಬ್ಬರೂ ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಅವನನ್ನು ಹಿಂದಕ್ಕೆ ನಡೆಸಿಕೊಂಡು ಹೋಗುತ್ತಾರೆ. ಡಿಫೆಂಡರ್‌ನ ಹಿಮ್ಮಡಿ ಹುಲ್ಲಿನಲ್ಲಿ ಗೀರು ಎಳೆಯುತ್ತಾ ಜಾರುತ್ತದೆ. ಅವನು ಒಂದು ಮೊಣಕಾಲು ನೆಲಕ್ಕೆ ಊರಿ ರಾಶಿಯಾಗಿ ಬಿದ್ದು ದಾರಿಗೆ ಅಡ್ಡವಾದರೆ ಅದೇ ಗೆಲುವು. ಎರಡು ಗಜ ಹಿಂದಕ್ಕೆ ಹೋದರೆ ಚೆಂಡು ಹಿಡಿದು ಓಡುವವನಿಗೆ ಬಾಗಿಲು ತೆರೆದ ಹಾಗೆ. ಇಂಥದ್ದು ಒಂದು ಪಂದ್ಯದಲ್ಲಿ ಮತ್ತೆ ಮತ್ತೆ, ನಾಲ್ಕನೇ ಕ್ವಾರ್ಟರ್‌ನಲ್ಲಿ ಮೈಯೆಲ್ಲಾ ನುಗ್ಗಾದ ಮೇಲೂ ನಡೆಯುತ್ತದೆ. ಗಾತ್ರದ ಚಿಂತೆ ಹುಟ್ಟುವುದು ಇಲ್ಲಿಂದ, ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಹಾಗಾದರೆ ಚಿಕ್ಕವನು ಹೇಗೆ ಬದುಕುತ್ತಾನೆ? ಗರಡಿ ಮನೆಯಲ್ಲಿ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎದುರಾಳಿಯ ಎದೆಯ ಕೆಳಗೆ ಹೋದವನು ಅವನನ್ನು ಎತ್ತಬಲ್ಲ. ಮೇಲಿದ್ದವನು ಎಷ್ಟೇ ಭಾರ ಇದ್ದರೂ ಕಾಲು ನೆಲ ಬಿಟ್ಟಿತೆಂದರೆ ಅವನ ತೂಕ ಉಪಯೋಗಕ್ಕೆ ಬರುವುದಿಲ್ಲ. ಫುಟ್‌ಬಾಲ್‌ನಲ್ಲಿ ಇದಕ್ಕೆ ಪ್ಯಾಡ್ ಲೆವೆಲ್ ಅನ್ನುತ್ತಾರೆ, ಭುಜದ ಪ್ಯಾಡ್ ಯಾರದ್ದು ಕೆಳಗಿದೆ ಅನ್ನುವ ಲೆಕ್ಕ. 6 ಅಡಿ 1 ಇಂಚಿನವನಿಗೆ 6 ಅಡಿ 5 ಇಂಚಿನವನ ಕೆಳಗೆ ಹೋಗುವುದು ಸಲೀಸು. ಅದರ ಜೊತೆಗೆ ಮೊದಲ ಹೆಜ್ಜೆಯ ವೇಗ ಬೇಕು. ಗಾರ್ಡ್ ಕೈ ಎತ್ತುವ ಮೊದಲೇ ಅವನ ಭುಜದ ಪಕ್ಕ ದಾಟಿಬಿಟ್ಟರೆ 140 ಕೆಜಿ ಇದ್ದರೇನು, 150 ಇದ್ದರೇನು?

ಇದಕ್ಕೆ ದೊಡ್ಡ ಸಾಕ್ಷಿ ಏರನ್ ಡೊನಾಲ್ಡ್. 2014ರ ಡ್ರಾಫ್ಟ್‌ಗೆ ಬಂದಾಗ ಅವನೂ 6 ಅಡಿ 1 ಇಂಚು, 285 ಪೌಂಡ್. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕೊನೆಯ ವರ್ಷ 11 ಸ್ಯಾಕ್ (ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ಕೆಡವುವುದು) ಮಾಡಿ ಕಾಲೇಜು ಡಿಫೆಂಡರ್‌ಗಳಿಗೆ ಸಿಗುವ ದೊಡ್ಡ ಬಹುಮಾನಗಳನ್ನೆಲ್ಲಾ ಬಾಚಿಕೊಂಡಿದ್ದ. ಆದರೂ 12 ಆಟಗಾರರು ಅವನಿಗಿಂತ ಮೊದಲು ಹೋದರು. 13ನೆಯವನಾಗಿ ಆರಿಸಿಕೊಂಡದ್ದು ಆಗ ಸೇಂಟ್ ಲೂಯಿಸ್‌ನಲ್ಲಿದ್ದ ರ‍್ಯಾಮ್ಸ್. ಅದೇ ರಾತ್ರಿ ಅದೇ ರ‍್ಯಾಮ್ಸ್ ಎರಡನೇ ಸ್ಥಾನದಲ್ಲಿ ಗ್ರೆಗ್ ರಾಬಿನ್ಸನ್ ಅನ್ನುವ ಅಫೆನ್ಸಿವ್ ಟ್ಯಾಕಲ್‌ನನ್ನು (ಚೆಂಡು ಇರುವ ತಂಡದ ಲೈನ್‌ನಲ್ಲಿ ಆಡುವವನು) ಆರಿಸಿಕೊಂಡಿತ್ತು. ಅವನು 6 ಅಡಿ 5 ಇಂಚು, 332 ಪೌಂಡ್. ಅಳತೆ ಟೇಪ್ ಹಿಡಿದವರು ಕನಸು ಕಾಣುವಂಥ ಮೈಕಟ್ಟು. ಅವನನ್ನು 2017ರಲ್ಲಿ ತಂಡ ಬೇರೆಯವರಿಗೆ ಬಿಟ್ಟುಕೊಟ್ಟಿತು. ಡೊನಾಲ್ಡ್ ಮೊದಲ ವರ್ಷವೇ 9 ಸ್ಯಾಕ್ ಮಾಡಿ ವರ್ಷದ ಶ್ರೇಷ್ಠ ಹೊಸ ಡಿಫೆಂಡರ್ ಅನ್ನಿಸಿಕೊಂಡ. ಆಮೇಲೆ 2017, 2018, 2020ರಲ್ಲಿ ಇಡೀ ಲೀಗ್‌ನ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿ ಪಡೆದ. 2018ರಲ್ಲಿ 20.5 ಸ್ಯಾಕ್. 2024ರಲ್ಲಿ ನಿವೃತ್ತಿ ಹೇಳುವಾಗ ಒಟ್ಟು 111.

ಆದರೆ ಡೊನಾಲ್ಡ್ ಹೆಸರು ಹೇಳುವುದರಲ್ಲಿ ಒಂದು ಅಪಾಯವೂ ಇದೆ. ಅವನ ನಂತರ ಬಂದ ಪ್ರತಿಯೊಬ್ಬ ಚಿಕ್ಕ ಡಿಫೆನ್ಸಿವ್ ಟ್ಯಾಕಲ್‌ಗೂ (ಡಿಫೆನ್ಸಿವ್ ಲೈನ್‌ನ ಒಳಗೆ ಆಡುವವನಿಗೆ) ‘ಮುಂದಿನ ಡೊನಾಲ್ಡ್’ ಅನ್ನುವ ಹೊರೆ ಹೊರಿಸಿದರು. 2019ರಲ್ಲಿ 9ನೇ ಸ್ಥಾನದಲ್ಲಿ ಬಫಲೋ ಬಿಲ್ಸ್ ಸೇರಿದ 287 ಪೌಂಡ್‌ನ ಎಡ್ ಆಲಿವರ್‌ಗೆ ಹಾಗೇ ಆಯಿತು. ನಿಮ್ಮ ಕ್ಯಾನ್ಸಿಗಂತೂ ಅದು ತಪ್ಪಿಸಿಕೊಳ್ಳಲಾಗದ ಹೋಲಿಕೆ. ಅವನೂ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವನು. ಎತ್ತರ ಅದೇ. ತೂಕದಲ್ಲಿ ನಾಲ್ಕು ಪೌಂಡ್ ವ್ಯತ್ಯಾಸ. 40 ಗಜದ ಓಟದಲ್ಲಿ ಡೊನಾಲ್ಡ್ 4.68 ಸೆಕೆಂಡ್, ಕ್ಯಾನ್ಸಿ 4.67. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರ ಹಾಗೆ ಕಾಣುತ್ತಾರೆ.

ಒಂದು ಅಳತೆ ಬಿಟ್ಟು. ಪ್ರತಿ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್ ಅನ್ನುವ ಪರೀಕ್ಷೆಯಲ್ಲಿ ಆಟಗಾರರ ತೋಳಿನ ಉದ್ದವನ್ನು ಭುಜದ ಮೂಳೆಯಿಂದ ನಡುಬೆರಳ ತುದಿಯವರೆಗೆ ಟೇಪ್ ಹಿಡಿದು ಅಳೆಯುತ್ತಾರೆ, ಇಂಚಿನ ಎಂಟನೇ ಒಂದು ಭಾಗವನ್ನೂ ಬಿಡುವುದಿಲ್ಲ. ಡೊನಾಲ್ಡ್‌ನ ತೋಳು 32 ಇಂಚು ದಾಟಿ ಇನ್ನೂ ಅರ್ಧ ಇಂಚಿಗೂ ಜಾಸ್ತಿ ಇತ್ತು. ಕ್ಯಾನ್ಸಿಯದು ಅದಕ್ಕಿಂತ ಸರಿಯಾಗಿ ಎರಡು ಇಂಚು ಕಮ್ಮಿ. ಎರಡು ಇಂಚು ಅಂದರೆ ಏನು ಮಹಾ ಅನ್ನಿಸಬಹುದು. ಲೈನ್‌ನಲ್ಲಿ ಅದು ದೊಡ್ಡ ವಿಷಯ. ಯಾರ ಕೈ ಮೊದಲು ಎದುರಿನವನ ಎದೆ ತಲುಪುತ್ತದೋ ಅವನೇ ಜಗಳ ನಡೆಸುತ್ತಾನೆ. ಗಾರ್ಡ್‌ನ ಕೈ 34 ಇಂಚು ಇದ್ದು ನಿಮ್ಮದು 30 ಇದ್ದರೆ, ನೀವು ಅವನನ್ನು ಮುಟ್ಟುವ ಮೊದಲೇ ಅವನು ನಿಮ್ಮನ್ನು ಹಿಡಿದಾಗಿರುತ್ತದೆ. ಹಿಡಿತಕ್ಕೆ ಸಿಕ್ಕ ಮೇಲೆ ಬಿಡಿಸಿಕೊಂಡು ಟ್ಯಾಕಲ್ ಮಾಡುವುದು, ಅಂದರೆ ಚೆಂಡು ಹಿಡಿದವನನ್ನು ಕೆಡವುವುದು ಇನ್ನೂ ಕಷ್ಟ. ನನ್ನ ಮಟ್ಟಿಗೆ ಒಳಗಿನ ಲೈನ್‌ಮನ್‌ಗೆ ತೂಕ ಕಮ್ಮಿ ಇರುವುದಕ್ಕಿಂತ ತೋಳು ಗಿಡ್ಡ ಇರುವುದು ಹೆಚ್ಚು ತೊಂದರೆ. ತೂಕ ಏರಿಸಬಹುದು. ತೋಳು ಬೆಳೆಸಲು ಆಗುವುದಿಲ್ಲ. ಹಾಗಾಗಿ ಕ್ಯಾನ್ಸಿಯನ್ನು ಡೊನಾಲ್ಡ್ ಪಕ್ಕ ನಿಲ್ಲಿಸಿದವರು ಅವನಿಗೆ ಅನ್ಯಾಯ ಮಾಡಿದರು. ಡೊನಾಲ್ಡ್ ಚಿಕ್ಕವರಿಗೆಲ್ಲಾ ಮಾದರಿ ಅಲ್ಲ. ಯಾವ ಗಾತ್ರದಲ್ಲಿ ಹುಟ್ಟಿದ್ದರೂ ಅವನು ಅಪರೂಪದವನೇ ಆಗಿರುತ್ತಿದ್ದ. ಅವನ ಕೈಗಳ ಶಕ್ತಿ, ಆ ಕೈಗಳನ್ನು ಬಳಸುವ ಜಾಣತನ ಎರಡೂ ಒಬ್ಬನಲ್ಲೇ ಸೇರಿದ್ದು ನಾನು ಬೇರೆ ಯಾರಲ್ಲೂ ನೋಡಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದಕ್ಕೆ ಬರೋಣ: ಕೆಲಸ.

ಡಿಫೆನ್ಸಿವ್ ಲೈನ್‌ನ ಒಳಗಿನವರಿಗೆ ಕೊಡುವ ಕೆಲಸಗಳಲ್ಲಿ ಎರಡು ದೊಡ್ಡ ಬಗೆ ಇವೆ. ಒಂದು, ಎದುರಿನ ಲೈನ್‌ಮನ್‌ನ ನೇರಕ್ಕೆ ನಿಂತು, ಅವನನ್ನು ಹಿಡಿದು ನಿಲ್ಲಿಸಿ, ಅವನ ಎಡಬಲದ ಎರಡೂ ಸಂದುಗಳನ್ನು ಕಾಯುವುದು. ಇದಕ್ಕೆ ಟೂ ಗ್ಯಾಪ್ ಅನ್ನುತ್ತಾರೆ. ಇನ್ನೊಂದು, ಎದುರಿನವನ ಒಂದು ಭುಜದ ಹೊರಗೆ ನಿಂತು ಒಂದೇ ಸಂದಿನಲ್ಲಿ ನುಗ್ಗುವುದು. ಅದು ಒನ್ ಗ್ಯಾಪ್. ಗಾರ್ಡ್‌ನ ಹೊರಭುಜದ ಮೇಲೆ ನಿಲ್ಲುವ ಜಾಗಕ್ಕೆ ತ್ರೀ ಟೆಕ್ನಿಕ್ ಅಂತ ಹೆಸರು. ಡೊನಾಲ್ಡ್ ಹೆಸರು ಮಾಡಿದ್ದು ಹೆಚ್ಚಾಗಿ ಅಲ್ಲಿಂದ. ಮೊದಲ ಬಗೆಯ ಕೆಲಸಕ್ಕೆ 281 ಪೌಂಡ್‌ನ ಹುಡುಗನನ್ನು ಇಳಿಸಿದರೆ ಅವನು ಎಷ್ಟೇ ಪ್ರತಿಭಾವಂತನಾದರೂ ಸೋಲುತ್ತಾನೆ. ಎರಡನೆಯದಕ್ಕೆ ಇಳಿಸಿದರೆ ಅದೇ ಹುಡುಗ ಎದುರಿನ ಕೋಚ್‌ಗಳ ನಿದ್ದೆ ಕೆಡಿಸಬಹುದು.

ಮತ್ತೆ ಅವನ ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದನ್ನೂ ನೋಡಬೇಕು. ಟ್ಯಾಂಪಾ ಇದನ್ನು ಯೋಚನೆ ಮಾಡಿಯೇ ಮಾಡಿತು ಅಂತ ನನಗೆ ಅನ್ನಿಸುತ್ತದೆ. ಅಲ್ಲಿ ಆಗಲೇ ವೀಟಾ ವೇಆ ಇದ್ದ. 2018ರಲ್ಲಿ 12ನೇ ಸ್ಥಾನದಲ್ಲಿ ಬಂದವನು, ಕಂಬೈನ್‌ನಲ್ಲಿ 347 ಪೌಂಡ್, ಅಂದರೆ 157 ಕೆಜಿ. ಡಬಲ್ ಟೀಮ್ ಮಾಡಲು ಎದುರಿನವರ ಹತ್ತಿರ ಇರುವುದು ಐದೇ ಲೈನ್‌ಮನ್. ವೇಆನನ್ನು ಒಬ್ಬನ ಕೈಗೆ ಬಿಡಲು ಯಾರಿಗೂ ಧೈರ್ಯವಿಲ್ಲ. ಅವನ ಮೇಲೆ ಇಬ್ಬರು ಹೋದರೆ ಕ್ಯಾನ್ಸಿಗೆ ಒಬ್ಬನೇ ಸಿಗುತ್ತಾನೆ. ಒಬ್ಬನೇ ಸಿಕ್ಕಾಗ ಅವನ ವೇಗಕ್ಕೆ ಬೆಲೆ. ರ‍್ಯಾಮ್ಸ್‌ನಲ್ಲಿ ಡೊನಾಲ್ಡ್ ಪಕ್ಕ ಮೈಕಲ್ ಬ್ರಾಕರ್ಸ್ ಅನ್ನುವ ದೊಡ್ಡ ಆಳು ಇದ್ದ, ಆ ಹೆಸರನ್ನು ಈಗ ಯಾರೂ ನೆನೆಯುವುದಿಲ್ಲ. ಚಿಕ್ಕ ಡಿಫೆಂಡರ್‌ನನ್ನು ಆರಿಸಿಕೊಂಡ ತಂಡದಲ್ಲಿ ಹೀಗೆ ಭಾರ ಹೊರುವವನು ಪಕ್ಕದಲ್ಲಿ ಇಲ್ಲದಿದ್ದರೆ ಆಗ ನಾನೂ ಚಿಂತೆ ಮಾಡುತ್ತೇನೆ.

ಲೈನ್‌ನ ಅಂಚಿನಲ್ಲೂ ಇದೇ ಕಥೆ. 2002ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ 11ನೇ ಸ್ಥಾನದಲ್ಲಿ ಡ್ವೈಟ್ ಫ್ರೀನಿಯನ್ನು ಆರಿಸಿದಾಗ, 6 ಅಡಿ 1 ಇಂಚಿನ ಡಿಫೆನ್ಸಿವ್ ಎಂಡ್‌ಗೆ ಇದು ದುಬಾರಿ ಜಾಗ ಅಂತ ಬೈದವರು ಬಹಳ ಜನ. ಕೋಚ್ ಟೋನಿ ಡಂಜಿ ಅವರಿಗೆ ಆ ತಂಡದಲ್ಲಿ ಅದೇ ಮೊದಲ ವರ್ಷ. ಅವರ ಡಿಫೆನ್ಸ್‌ಗೆ ಬೇಕಾಗಿದ್ದೇ ವೇಗ. ಕ್ವಾರ್ಟರ್‌ಬ್ಯಾಕ್ ಹಿಂದೆ ಹೋಗು ಅನ್ನುವ ಕೆಲಸ ಕೊಟ್ಟರು. ಫ್ರೀನಿ ಮೊದಲ ವರ್ಷವೇ 13 ಸ್ಯಾಕ್ ಮಾಡಿದ. 2024ರಲ್ಲಿ ಆಟದ ದಿಗ್ಗಜರಿಗೆ ಸಿಗುವ ಗೌರವವಾದ ಹಾಲ್ ಆಫ್ ಫೇಮ್ ಸೇರಿದ.

ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಅರ್ಧ ಸತ್ಯ ಹೇಳಿದ ಹಾಗೆ. ಗಾತ್ರದ ಚಿಂತೆ ನಿಜವಾದ ಉದಾಹರಣೆಯೂ ಇದೆ, ಅದೂ ಕ್ಯಾನ್ಸಿ ಬಂದ ಡ್ರಾಫ್ಟ್‌ನಲ್ಲೇ. ಅವನಿಗಿಂತ ಮೂರು ಸ್ಥಾನ ಮೊದಲು, 16ನೆಯವನಾಗಿ, ವಾಷಿಂಗ್ಟನ್ ಕಮಾಂಡರ್ಸ್ ಇಮ್ಯಾನುಯೆಲ್ ಫೋರ್ಬ್ಸ್‌ನನ್ನು ಆರಿಸಿಕೊಂಡಿತು. ಅವನು ಕಾರ್ನರ್‌ಬ್ಯಾಕ್, ಅಂದರೆ ಚೆಂಡು ಹಿಡಿಯಲು ಓಡುವ ರಿಸೀವರ್‌ಗಳನ್ನು ಕಾಯುವವನು. ಮಿಸಿಸಿಪಿ ಸ್ಟೇಟ್‌ನಲ್ಲಿ 14 ಇಂಟರ್‌ಸೆಪ್ಶನ್ ಮಾಡಿದ್ದ. ಅವುಗಳಲ್ಲಿ 6 ಸಲ ಎದುರಾಳಿಯ ಪಾಸ್ ಕಿತ್ತುಕೊಂಡು ಟಚ್‌ಡೌನ್‌ವರೆಗೆ, ಅಂದರೆ ಅಂಕ ಸಿಗುವ ಕೊನೆಯ ಗೆರೆ ದಾಟುವವರೆಗೆ ಓಡಿದ್ದ, ಅದು ಕಾಲೇಜು ದಾಖಲೆ. ಎತ್ತರ 6 ಅಡಿ 1 ಇಂಚು, ಕಂಬೈನ್‌ನಲ್ಲಿ ತೂಕ ಮಾತ್ರ 166 ಪೌಂಡ್. 75 ಕೆಜಿ. ನಮ್ಮ ನಿಮ್ಮ ಹಾಗೆ.

2023ರ ಅಕ್ಟೋಬರ್ 1ರಂದು ಫಿಲಡೆಲ್ಫಿಯಾ ಎದುರಿನ ಪಂದ್ಯ. ಅವನ ನಾಲ್ಕನೇ ಪಂದ್ಯ ಅದು. ಎದುರಿಗೆ ರಿಸೀವರ್ ಎ. ಜೆ. ಬ್ರೌನ್. ಎತ್ತರದಲ್ಲಿ ಇಬ್ಬರೂ ಸಮ, ತೂಕದಲ್ಲಿ ಬ್ರೌನ್ 226 ಪೌಂಡ್. 27 ಕೆಜಿ ಜಾಸ್ತಿ. ಆ ದಿನ ಬ್ರೌನ್ 9 ಕ್ಯಾಚ್ ಹಿಡಿದು 175 ಗಜ, 2 ಟಚ್‌ಡೌನ್ ಮಾಡಿದ. ಓಟದಲ್ಲಿ ಫೋರ್ಬ್ಸ್ ಹಿಂದೆ ಬೀಳುವವನಲ್ಲ. ಆದರೆ ಚೆಂಡು ಗಾಳಿಯಲ್ಲಿರುವಾಗ ಇಬ್ಬರ ಮೈ ಒಂದಕ್ಕೊಂದು ತಾಗುತ್ತದಲ್ಲಾ, ಆ ಕ್ಷಣದಲ್ಲಿ ಹಗುರವಾದವನಿಗೆ ನಿಂತ ಜಾಗ ಉಳಿಸಿಕೊಳ್ಳುವುದು ಕಷ್ಟ. ಮುಂದಿನ ವಾರ ಅವನನ್ನು ಬೆಂಚಿಗೆ ಕೂರಿಸಿದರು. 2024ರ ಕೊನೆಯ ಹೊತ್ತಿಗೆ ತಂಡದಿಂದಲೇ ಕೈಬಿಟ್ಟರು. ಆಗ ರ‍್ಯಾಮ್ಸ್ ಅವನನ್ನು ತೆಗೆದುಕೊಂಡಿತು. ಕೈಬಿಟ್ಟವರು ಅವನನ್ನು ಆರಿಸಿಕೊಂಡವರಲ್ಲ ಅನ್ನುವುದನ್ನೂ ಗಮನಿಸಿ. ಆ ನಡುವೆ ಕೋಚ್, ಮ್ಯಾನೇಜರ್ ಎಲ್ಲರೂ ಬದಲಾಗಿದ್ದರು. ಮೊದಲ ಸುತ್ತಿನ ಹುಡುಗನ ಮೇಲೆ ತಾಳ್ಮೆ ಇರುವುದು ಅವನನ್ನು ಆರಿಸಿದವರಿಗೆ ಮಾತ್ರ.

ಅದೇ ಡ್ರಾಫ್ಟ್‌ನಲ್ಲಿ 5ನೆಯವನಾಗಿ ಸಿಯಾಟಲ್‌ಗೆ ಹೋದ ಕಾರ್ನರ್‌ಬ್ಯಾಕ್ ಡೆವನ್ ವಿದರ್‌ಸ್ಪೂನ್ ಕೂಡ 181 ಪೌಂಡ್‌ನ ಸಣಕಲ ಹುಡುಗನೇ. ಫಿಲಡೆಲ್ಫಿಯಾ ಪಂದ್ಯದ ಮರುದಿನ, ನ್ಯೂಯಾರ್ಕ್ ಜಯಂಟ್ಸ್ ಎದುರು ಅವನು ಎರಡು ಸ್ಯಾಕ್ ಮಾಡಿದ, ಒಂದು ಪಾಸ್ ಕಿತ್ತುಕೊಂಡು 97 ಗಜ ಓಡಿ ಟಚ್‌ಡೌನ್ ಮಾಡಿದ. ಮೊದಲ ವರ್ಷವೇ ಪ್ರೊ ಬೌಲ್‌ಗೆ, ಅಂದರೆ ಲೀಗ್‌ನ ಶ್ರೇಷ್ಠರ ಸಾಲಿಗೆ ಆಯ್ಕೆಯಾದ. ಇಬ್ಬರ ನಡುವೆ ಇದ್ದದ್ದು 7 ಕೆಜಿ ಅಂತರ ಅಷ್ಟೇ. ವಿದರ್‌ಸ್ಪೂನ್ ಟ್ಯಾಕಲ್ ಮಾಡುವಾಗ ತನ್ನ ಇಡೀ ಮೈಯನ್ನು ಎದುರಾಳಿಯ ಸೊಂಟದ ಮೂಲಕ ಹಾಯಿಸುತ್ತಾನೆ, ಹಿಂಜರಿಯುವುದಿಲ್ಲ. ಜೊತೆಗೆ ಸಿಯಾಟಲ್ ಅವನನ್ನು ಬರೀ ಅಂಚಿನಲ್ಲಿ ನಿಲ್ಲಿಸಲಿಲ್ಲ. ಒಳಗೆ ತಂದು, ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸಿ, ಅವನ ಚುರುಕುತನಕ್ಕೆ ಕೆಲಸ ಕೊಟ್ಟಿತು.

ನಿಮ್ಮ ಎರಡನೇ ಪ್ರಶ್ನೆ, ಮೊದಲ ವರ್ಷದ ನಿರೀಕ್ಷೆ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ: ಲೈನ್‌ನ ಒಳಗೆ ಆಡುವವನ ಮೊದಲ ವರ್ಷದ ಸ್ಯಾಕ್ ಲೆಕ್ಕ ನೋಡಿ ಯಾವ ತೀರ್ಮಾನಕ್ಕೂ ಬರಬೇಡಿ.

ಆ ಹುಡುಗನ ವರ್ಷ ಹೇಗೆ ಕಳೆಯುತ್ತದೆ ಅಂತ ಯೋಚಿಸಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಕಾಲೇಜಿನ ಕೊನೆಯ ಪಂದ್ಯ. ಅಲ್ಲಿಂದ ಫೆಬ್ರವರಿ ಕೊನೆಯ ಕಂಬೈನ್‌ಗೆ ತಯಾರಿ. 40 ಗಜದ ಓಟದಲ್ಲಿ ಸೆಕೆಂಡಿನ ನೂರನೇ ಭಾಗ ಉಳಿಸುವುದು ಹೇಗೆ ಅನ್ನುವುದರಲ್ಲಿ ವಾರಗಟ್ಟಲೆ ಹೋಗುತ್ತದೆ, ಅದರಿಂದ ಡಬಲ್ ಟೀಮ್ ಎದುರಿಸುವುದು ಬರುವುದಿಲ್ಲ. ಏಪ್ರಿಲ್ ಕೊನೆಗೆ ಡ್ರಾಫ್ಟ್. ಮೇ ತಿಂಗಳಿಂದ ಹೊಸ ಊರು, ಹೊಸ ಕೋಚ್, ತಂಡದ ಆಟದ ಯೋಜನೆಗಳಿರುವ ದಪ್ಪ ಪ್ಲೇಬುಕ್. ಜುಲೈ ಕೊನೆಗೆ ಕ್ಯಾಂಪ್. ಸೆಪ್ಟೆಂಬರ್‌ನಿಂದ 17 ಪಂದ್ಯ. ಕಾಲೇಜಿನಲ್ಲಿ 12-13 ಪಂದ್ಯಕ್ಕೆ ಮೈ ಒಗ್ಗಿರುತ್ತದೆ, ನವೆಂಬರ್ ಕೊನೆಗೆ ಮುಗಿಯಿತು ಅಂತ ಮೈ ತಾನೇ ಲೆಕ್ಕ ಹಾಕುತ್ತದೆ. ಇಲ್ಲಿ ಇನ್ನೂ ಒಂದು ತಿಂಗಳಿಗೂ ಜಾಸ್ತಿ ಬಾಕಿ. ಎದುರಿಗೆ ನಿಂತವರು 28, 30 ವಯಸ್ಸಿನ ಗಂಡಸರು, ಇದೇ ಕೆಲಸ ಮಾಡಿ ಸಂಸಾರ ನಡೆಸುವವರು. ಕಾಲೇಜಿನಲ್ಲಿ ವೇಗ ಒಂದರಿಂದಲೇ ಗೆದ್ದವನಿಗೆ ಇಲ್ಲಿ ಎರಡನೇ ಉಪಾಯ, ಮೂರನೇ ಉಪಾಯ ಬೇಕು. ಚಿಕ್ಕವನಿಗೆ ಇದು ಇನ್ನೂ ಬೇಗ ಬೇಕು, ಯಾಕೆಂದರೆ ಉಪಾಯ ಸೋತಾಗ ತೂಕ ಹಾಕಿ ತಪ್ಪಿಸಿಕೊಳ್ಳುವ ದಾರಿ ಅವನಿಗಿಲ್ಲ.

ಅದಕ್ಕೇ ದೊಡ್ಡ ಹೆಸರು ಮಾಡಿದವರ ಮೊದಲ ವರ್ಷವೂ ಸಪ್ಪೆಯಾಗಿ ಕಾಣುತ್ತದೆ. ಜೆ. ಜೆ. ವಾಟ್ 2011ರಲ್ಲಿ 5.5 ಸ್ಯಾಕ್ ಮಾಡಿದ, ಮರುವರ್ಷ 20.5. ಕ್ರಿಸ್ ಜೋನ್ಸ್ 2016ರಲ್ಲಿ 2, 2018ರಲ್ಲಿ 15.5. ಕ್ವಿನ್ನೆನ್ ವಿಲಿಯಮ್ಸ್ 2019ರಲ್ಲಿ ಮೂರನೆಯವನಾಗಿ ಬಂದು 2.5 ಸ್ಯಾಕ್ ಮಾಡಿದಾಗ ನ್ಯೂಯಾರ್ಕ್‌ನಲ್ಲಿ ಅವನನ್ನು ಎಷ್ಟು ಬೈದರು! 2022ರಲ್ಲಿ 12 ಮಾಡಿದ. ಇವರು ಯಾರೂ ಚಿಕ್ಕವರಲ್ಲ, ನೆನಪಿಡಿ. ಚಿಕ್ಕವನಾದ ಆಲಿವರ್ ಮೊದಲ ವರ್ಷ 5, 2023ರಲ್ಲಿ 9.5. ಡೊನಾಲ್ಡ್ ಕೂಡ ಮೊದಲ ನಾಲ್ಕು ಪಂದ್ಯಗಳಲ್ಲಿ ಬೆಂಚಿನಿಂದ ಎದ್ದು ಬಂದೇ ಆಡಿದ್ದು.

ಮೊದಲ ಸುತ್ತಿನವನ ಒಪ್ಪಂದ ನಾಲ್ಕು ವರ್ಷದ್ದು, ಐದನೇ ವರ್ಷಕ್ಕೆ ಮುಂದುವರಿಸುವ ಹಕ್ಕು ತಂಡದ್ದು. ಆ ಹಕ್ಕು ಬಳಸಬೇಕೋ ಬೇಡವೋ ಅಂತ ತಂಡ ತೀರ್ಮಾನಿಸುವುದು ಮೂರು ಋತು ಮುಗಿದ ಮೇಲೆ. ದುಡ್ಡು ಕೊಡುವವರೇ ಮೂರು ವರ್ಷ ನೋಡುತ್ತಾರೆ ಅಂದಮೇಲೆ ನಾವು ಎಂಟು ವಾರಕ್ಕೆ ತೀರ್ಪು ಕೊಡುವುದು ಸರಿಯಲ್ಲ ಅಲ್ವಾ?

ಹಾಗಾದರೆ ಮೊದಲ ವರ್ಷ ಏನು ನೋಡಬೇಕು? ಮುಂದಿನ ಪಂದ್ಯದಲ್ಲಿ ಮಗನ ಜೊತೆ ಒಂದು ಕ್ವಾರ್ಟರ್ ಚೆಂಡು ನೋಡದೆ ಆ ಹುಡುಗನ ಎದುರಿನ ಗಾರ್ಡ್‌ನನ್ನು ಮಾತ್ರ ನೋಡಿ. ಸ್ನ್ಯಾಪ್ ಆದ ಮೇಲೆ ಗಾರ್ಡ್‌ನ ಕಾಲು ಯಾವ ಕಡೆ ಹೋಗುತ್ತಿದೆ? ಅವನು ಹಿಂದಕ್ಕೆ ಸರಿಯುತ್ತಿದ್ದರೆ, ಪಕ್ಕಕ್ಕೆ ತಿರುಗಿ ಹಿಡಿಯಲು ತಡಕಾಡುತ್ತಿದ್ದರೆ, ಸ್ಯಾಕ್ ಲೆಕ್ಕದಲ್ಲಿ ಸೊನ್ನೆ ಇದ್ದರೂ ಹುಡುಗ ಗೆಲ್ಲುತ್ತಿದ್ದಾನೆ. ಕ್ವಾರ್ಟರ್‌ಬ್ಯಾಕ್ ನಿಂತ ಜಾಗ ಬಿಟ್ಟು ಕದಲಿದನಾ ನೋಡಿ. ಒಳಗಿನಿಂದ ಒತ್ತಡ ಬಂದರೆ ಅವನಿಗೆ ಮುಂದೆ ಹೆಜ್ಜೆ ಇಡಲು ಜಾಗ ಇರುವುದಿಲ್ಲ, ಹೊರಗೆ ಓಡುತ್ತಾನೆ, ಅಲ್ಲಿ ಬೇರೆಯವನಿಗೆ ಸ್ಯಾಕ್ ಸಿಗುತ್ತದೆ. ಆಮೇಲೆ ಎದುರಾಳಿ ಓಡುವುದು ಖಚಿತ ಅನ್ನುವ ಹೊತ್ತಿನಲ್ಲಿ, ಒಂದೆರಡು ಗಜ ಬೇಕಾದಾಗ, ಕೋಚ್ ಅವನನ್ನು ಮೈದಾನದಲ್ಲಿ ಬಿಡುತ್ತಾರಾ ಹೊರಗೆ ಕರೆಯುತ್ತಾರಾ ಗಮನಿಸಿ. ಸೆಪ್ಟೆಂಬರ್‌ನಲ್ಲಿ ಹೊರಗೆ ಕರೆಯುತ್ತಿದ್ದವರು ಡಿಸೆಂಬರ್‌ನಲ್ಲಿ ಒಳಗೇ ಬಿಡುತ್ತಿದ್ದರೆ, ಗಾತ್ರದ ಚಿಂತೆಗೆ ಕೋಚ್‌ಗಳ ಕೊಠಡಿಯಲ್ಲಿ ಉತ್ತರ ಸಿಕ್ಕಿದೆ ಅಂತ ಅರ್ಥ. ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವ ಗುರುತು ಇದೇ.

ಕ್ಯಾನ್ಸಿ ವಿಷಯದಲ್ಲಿ ಏನಾಯಿತು ಅಂತ ನೀವೇ ನೋಡಿದ್ದೀರಿ. ಮೊದಲ ವರ್ಷ ಕ್ಯಾಂಪ್‌ನಲ್ಲೇ ಮೀನಖಂಡ ಹಿಡಿದುಕೊಂಡಿತು, ಮೊದಲ ಪಂದ್ಯದಲ್ಲಿ ಅದೇ ನೋವು ಮತ್ತೆ ಬಂದು ಮೂರು ಪಂದ್ಯ ತಪ್ಪಿದವು. ಉಳಿದ 14 ಪಂದ್ಯಗಳಲ್ಲಿ 4 ಸ್ಯಾಕ್. ಎರಡನೇ ವರ್ಷ ಮತ್ತೆ ಗಾಯ, ಆದರೂ 12 ಪಂದ್ಯಗಳಲ್ಲಿ 7.5. ಲೈನ್‌ನ ಒಳಗೆ ಆಡುವವನಿಗೆ ಅದು ತುಂಬಾ ಒಳ್ಳೆಯ ಲೆಕ್ಕ. 2025ರಲ್ಲಿ ಎರಡನೇ ವಾರಕ್ಕೇ ಎದೆಯ ಸ್ನಾಯು ಹರಿಯಿತು. ಗಿಡ್ಡ ತೋಳಿನವನು ಗಾರ್ಡ್‌ಗಳ ಕೈಗೆ ಸಿಕ್ಕಿ ಮುಳುಗುತ್ತಾನೆ ಅಂದಿದ್ದರು, ಆಡಿದಾಗ ಹಾಗೆ ಆಗಲಿಲ್ಲ. ಅವನ ತೊಂದರೆ ಮೈದಾನಕ್ಕೆ ಇಳಿಯುವುದರಲ್ಲಿ. ಈ ಗಾಯಗಳಿಗೆ ಚಿಕ್ಕ ಮೈಯೇ ಕಾರಣ ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. 330 ಪೌಂಡ್‌ನವರಿಗೂ ಎದೆಯ ಸ್ನಾಯು ಹರಿಯುತ್ತದೆ. ಆದರೆ ಮೊದಲ ಹೆಜ್ಜೆಯ ಮೇಲೇ ಬದುಕುವವನಿಗೆ ಮೀನಖಂಡದ ನೋವು ಬೇರೆಯವರಿಗಿಂತ ದುಬಾರಿ. ಆ ಹೆಜ್ಜೆಯಲ್ಲಿ ಒಂದಿಷ್ಟು ಕಮ್ಮಿಯಾದರೂ ಅವನು ಬರೀ 281 ಪೌಂಡ್‌ನ ಸಾಧಾರಣ ಆಟಗಾರ ಆಗಿಬಿಡುತ್ತಾನೆ.

ಕೊನೆಗೆ ನಿಮ್ಮ ಮಗ. ಜಾನ್ ರ‍್ಯಾಂಡಲ್ ಅಂತ ಒಬ್ಬ ಡಿಫೆನ್ಸಿವ್ ಟ್ಯಾಕಲ್ ಇದ್ದ. 1990ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನನ್ನು ಕರೆಯಲಿಲ್ಲ, ಚಿಕ್ಕವನು ಅನ್ನುವ ಕಾರಣಕ್ಕೆ. ಮಿನೆಸೋಟ ವೈಕಿಂಗ್ಸ್ ತೂಕ ಏರಿಸಿಕೊಂಡು ಬಾ ಅಂದಾಗ, ತೂಕ ನೋಡುವ ದಿನ ಬಟ್ಟೆಯೊಳಗೆ ಕಬ್ಬಿಣದ ಸರಪಳಿ ಬಚ್ಚಿಟ್ಟುಕೊಂಡು ಹೋಗಿ ತಕ್ಕಡಿ ಮೇಲೆ ನಿಂತಿದ್ದನಂತೆ. 2010ರಲ್ಲಿ ಅವನು ಹಾಲ್ ಆಫ್ ಫೇಮ್ ಸೇರಿದ. ಇದನ್ನು ನಿಮ್ಮ ಮಗನಿಗೆ ಹೇಳಿ, ಅವನಿಗೆ ಇಷ್ಟವಾಗುತ್ತದೆ.

ಆದರೆ ತೂಕದ ಮಾತಿನಲ್ಲಿ ನೀವು ಹುಷಾರಾಗಿರಬೇಕು. ಬೆಳೆಯುವ ಹುಡುಗನಿಗೆ ‘ಏರಿಸು’ ಅಂದರೆ ಅವನು ಸಿಕ್ಕಿದ್ದೆಲ್ಲಾ ತಿಂದು, ಡಬ್ಬಿ ಪೌಡರ್ ಕುಡಿದು ಹೊಟ್ಟೆ ಬೆಳೆಸುತ್ತಾನೆ. ಹೆಜ್ಜೆ ನಿಧಾನವಾಗುತ್ತದೆ, ಮೊಣಕಾಲಿಗೆ ಭಾರ ಬೀಳುತ್ತದೆ, ಕೊನೆಗೆ ಅವನಲ್ಲಿದ್ದ ಒಳ್ಳೆಯ ಗುಣವೂ ಹೋಗುತ್ತದೆ. ನನ್ನ ಹುಡುಗರಿಗೆ ನಾನು ತಕ್ಕಡಿ ತೋರಿಸುವುದಿಲ್ಲ. ಕಾಲು, ಸೊಂಟ, ಬೆನ್ನಿನ ಶಕ್ತಿಗೆ ವ್ಯಾಯಾಮ ಮಾಡಿಸುತ್ತೇನೆ, ಕೈ ಬಳಸುವುದು ಕಲಿಸುತ್ತೇನೆ. ಮನೆ ಊಟ ಚೆನ್ನಾಗಿ ಮಾಡಲಿ, ಮೊಟ್ಟೆ, ಕಾಳು, ಹಾಲು ಇರಲಿ, ರಾತ್ರಿ ನಿದ್ದೆ ಸಾಕಷ್ಟು ಆಗಲಿ. ತೂಕ ಅದರ ಪಾಡಿಗೆ ಬರುತ್ತದೆ. ಒಂದು ಋತುವಿನಲ್ಲಿ ತುಂಬಾ ಏರಿಸಬೇಕು ಅಂತ ಯಾರಾದರೂ ಒತ್ತಾಯ ಮಾಡಿದರೆ ಮೊದಲು ಅವನ ಡಾಕ್ಟರ್ ಹತ್ತಿರ ಮಾತಾಡಿ. ಆಮೇಲೆ ಕೋಚ್ ಹತ್ತಿರ ಹೋಗಿ, ಇವನನ್ನು ಯಾವ ಜಾಗದಲ್ಲಿ ಆಡಿಸುವ ಯೋಚನೆ ಇದೆ ಅಂತ ಕೇಳಿ. ಅವರು ನೋಸ್ ಟ್ಯಾಕಲ್ (ಸೆಂಟರ್‌ನ ನೇರ ಎದುರು ನಿಲ್ಲುವ ಜಾಗ) ಅಂತ ಹೇಳಿದರೆ, ಗಾರ್ಡ್‌ನ ಹೊರಭುಜದ ಮೇಲೆ ಅಥವಾ ಅಂಚಿನಲ್ಲಿ ಒಂದು ಸಲ ಆಡಿಸಿ ನೋಡಬಹುದಾ ಅಂತ ವಿನಯವಾಗಿ ಕೇಳಿ. ಹೈಸ್ಕೂಲಿನಲ್ಲಿ ಇದಕ್ಕೆ ಬೇಡ ಅನ್ನುವ ಕೋಚ್‌ಗಳು ಕಮ್ಮಿ.